ಮೂರು ಚಿತ್ರ, ಒಂದೇ ಅಯಾನು

ಎಸ್.ಎಸ್.ಎಲ್.ಸಿ.ವರೆಗೆ ಕನ್ನಡದಲ್ಲಿ ಓದಿ ಒಳ್ಳೆಯ ಅಂಕ ಗಳಿಸಿದ ಹುಡುಗ ಯಾ ಹುಡುಗಿ ಪ್ಲಸ್ ವನ್ ತರಗತಿಗೆ ಸೇರಿದ ಎರಡು ಮೂರು ತಿಂಗಳಲ್ಲೇ ಮಂಕಾಗಿಬಿಡುವುದನ್ನು ನಮ್ಮ ಕಡೆಯ ಎಷ್ಟೋ ಮನೆಗಳವರು ಕಂಡಿದ್ದಾರೆ. ಪುಸ್ತಕ ಇಂಗ್ಲಿಷಿನದು; ಪಾಠ ಇಂಗ್ಲಿಷಿನಲ್ಲಿ, ನಡುನಡುವೆ ಮಲೆಯಾಳದಲ್ಲಿ. 'ಕೆಮಿಸ್ಟ್ರಿ ತಲೆಗೆ ಹೋಗುವುದಿಲ್ಲ' ಎಂದು ಮಗು ಹೇಳಿದರೆ, ಕನ್ನಡ ಮಾಧ್ಯಮಕ್ಕೆ ಸೇರಿಸಿದ್ದೇ ತಪ್ಪಾಯಿತೋ ಏನೋ ಎಂದು ಹೆತ್ತವರು ಕೊರಗುತ್ತಾರೆ. ತಮ್ಮನನ್ನೋ ತಂಗಿಯನ್ನೋ ಮುಂದಿನ ವರ್ಷ ಬೇರೆ ಶಾಲೆಗೆ ಹಾಕುವ ಮಾತು ಅಲ್ಲಿಂದಲೇ ಹೊರಡುತ್ತದೆ.

ಭಾಷೆಯ ಕಷ್ಟ ಇಲ್ಲವೆಂದು ಹೇಳುವಂತಿಲ್ಲ. ಆದರೆ ಆ ಪುಸ್ತಕದ ಕೆಲವು ವಿಷಯಗಳು ಯಾವ ಭಾಷೆಯಲ್ಲಿ ಓದಿದರೂ ಕಷ್ಟವೇ. ಒಂದನೆಯ ತರಗತಿಯಿಂದ ಇಂಗ್ಲಿಷಿನಲ್ಲಿ ಓದಿದವರೂ ಅಲ್ಲಿ ಎಡವುತ್ತಾರೆ. ಹಾಗೆ ಎಡವಿದಾಗ ಅವರು 'ಪಾಠ ಕಷ್ಟ' ಎನ್ನುತ್ತಾರೆ. ನಮ್ಮ ಮಕ್ಕಳು 'ನನಗೆ ಇಂಗ್ಲಿಷ್ ಬಾರದು' ಎನ್ನುತ್ತಾರೆ. ವ್ಯತ್ಯಾಸ ಇಷ್ಟೇ. ಪಾಠದ ಕಷ್ಟ ಯಾವುದು, ಭಾಷೆಯ ಕಷ್ಟ ಯಾವುದು ಎಂದು ಬೇರ್ಪಡಿಸಿ ನೋಡಿದರೆ ಅರ್ಧ ಭಾರ ಇಳಿಯುತ್ತದೆ.

ಹನ್ನೊಂದನೆಯ ತರಗತಿಯ ರಸಾಯನಶಾಸ್ತ್ರ ಪುಸ್ತಕದಲ್ಲಿ ರಾಸಾಯನಿಕ ಬಂಧದ ಅಧ್ಯಾಯವಿದೆ. ಅದರಲ್ಲಿ 'ರೆಸೊನೆನ್ಸ್' ಎಂಬ ಭಾಗ ಬರುತ್ತದೆ. ಕನ್ನಡದಲ್ಲಿ ಇದನ್ನು ಅನುರಣನ ಎಂದೂ ಅನುನಾದ ಎಂದೂ ಬರೆಯುತ್ತಾರೆ. ಕಾರ್ಬೊನೇಟ್ ಅಯಾನಿಗೆ ಅಲ್ಲಿ ಒಂದರ ಪಕ್ಕ ಒಂದರಂತೆ ಮೂರು ಚಿತ್ರಗಳು. ನಡುವೆ ಎರಡೂ ಕಡೆ ತಲೆಯಿರುವ ಬಾಣಗಳು. ಹಳೆಯ ವಿದ್ಯಾರ್ಥಿಗಳು ಪುಸ್ತಕ ಹಿಡಿದುಕೊಂಡು ಬಂದಾಗ ಕೇಳುವ ಪ್ರಶ್ನೆ ಬಹುತೇಕ ಒಂದೇ: "ಮಾಷ್ಟ್ರೇ, ಈ ಮೂರರಲ್ಲಿ ಸರಿಯಾದದ್ದು ಯಾವುದು?"

ಒಳ್ಳೆಯ ಪ್ರಶ್ನೆ. ಉತ್ತರ ಇದು: ಮೂರರಲ್ಲಿ ಒಂದೂ ಪೂರ್ತಿ ಸರಿಯಲ್ಲ, ಆದರೆ ಮೂರನ್ನೂ ಬರೆಯದೆ ವಿಧಿಯಿಲ್ಲ. ಏಕೆ ಹೀಗೆ ಎಂಬುದನ್ನು ನಿಧಾನವಾಗಿ ನೋಡೋಣ.

ಗೋಡೆಯ ಮೇಲಿನ ಅಯಾನು

ಕಾರ್ಬೊನೇಟ್ ಎಂದರೆ ಎಲ್ಲೋ ಪ್ರಯೋಗಶಾಲೆಯ ಬಾಟಲಿಯಲ್ಲಿ ಮಾತ್ರ ಇರುವಂಥದ್ದಲ್ಲ. ನಮ್ಮ ಕರಾವಳಿಯಲ್ಲಿ ಸಿಗುವ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟೇ. ಅದನ್ನು ಗೂಡಿನಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದರೆ, ಸುಣ್ಣವು ಗಾಳಿಯಲ್ಲಿರುವ ಅದೇ ಅನಿಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಾರ್ಬೊನೇಟ್ ಆಗುತ್ತದೆ. ಸುಣ್ಣ ಬಳಿದ ಹಳೆಯ ಗೋಡೆಗೆ ಬೆನ್ನು ಕೊಟ್ಟು ಕುಳಿತ ಹುಡುಗನ ಅಂಗಿಗೆ ಹತ್ತುವ ಬಿಳಿ ಹುಡಿಯಲ್ಲಿರುವುದು ಅವನ ಪುಸ್ತಕದಲ್ಲಿರುವ ಅದೇ ಅಯಾನು.

ಈ ಅಯಾನಿನ ನಡುವೆ ಒಂದು ಇಂಗಾಲದ ಪರಮಾಣು, ಸುತ್ತಲೂ ಮೂರು ಆಮ್ಲಜನಕದ ಪರಮಾಣುಗಳು. ನಾಲ್ಕೂ ಒಟ್ಟಿಗೆ ಸೇರಿ ಎರಡು ಋಣ ಆವೇಶಗಳನ್ನು ಹೊತ್ತುಕೊಂಡಿವೆ. ಹೀಗೆ ಒಂದಕ್ಕಿಂತ ಹೆಚ್ಚು ಪರಮಾಣುಗಳು ಸೇರಿ ಒಂದೇ ಘಟಕವಾಗಿ ಆವೇಶ ಹೊತ್ತರೆ ಅದು ಬಹುಪರಮಾಣು ಅಯಾನು.

ಇಪ್ಪತ್ತನಾಲ್ಕು ಕಾಳುಗಳ ಲೆಕ್ಕ

ಇದರ ಚಿತ್ರ ಬರೆಯುವ ಕ್ರಮವನ್ನು ಹುಣಸೆಬೀಜ ಯಾ ಚೆನ್ನೆಮಣೆಯ ಕಾಳುಗಳಿಂದ ಮಕ್ಕಳಿಗೆ ತೋರಿಸಬಹುದು. ಒಂದು ಕಾಳು ಎಂದರೆ ಹೊರಕವಚದ ಒಂದು ಇಲೆಕ್ಟ್ರಾನು. ಇಂಗಾಲಕ್ಕೆ 4, ಆಮ್ಲಜನಕಕ್ಕೆ ತಲಾ 6ರಂತೆ ಮೂರಕ್ಕೆ 18, ಋಣ ಆವೇಶ ಎರಡು ಇರುವುದರಿಂದ ಇನ್ನೂ 2. ಒಟ್ಟು 24 ಕಾಳು. ಆವೇಶ ಧನವಾಗಿದ್ದರೆ ಅಷ್ಟು ಕಾಳು ಕಳೆಯಬೇಕು. ಮಕ್ಕಳು ಅಂಕ ಕಳೆದುಕೊಳ್ಳುವ ಮೊದಲ ಜಾಗವೇ ಇದು. ಆವೇಶದ ಕಾಳುಗಳನ್ನು ಸೇರಿಸಲು ಮರೆತರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ನೆಲದ ಮೇಲೆ ಸೀಮೆಸುಣ್ಣದಿಂದ ನಡುವೆ ಇಂಗಾಲ, ಸುತ್ತ ಮೂರು ಆಮ್ಲಜನಕ ಎಂದು ಬರೆಯಿರಿ. ಇಂಗಾಲಕ್ಕೂ ಒಂದೊಂದು ಆಮ್ಲಜನಕಕ್ಕೂ ನಡುವೆ ಎರಡೆರಡು ಕಾಳು ಇಡಿ. ಈ ಜೋಡಿಯೇ ಒಂದು ಬಂಧ. ಆರು ಕಾಳು ಮುಗಿಯಿತು, ಹದಿನೆಂಟು ಉಳಿಯಿತು. ಪ್ರತಿಯೊಂದು ಆಮ್ಲಜನಕದ ಸುತ್ತ ಎಂಟು ತುಂಬುವಂತೆ ಆರಾರು ಕಾಳು ಕೊಡಿ. ಕೈ ಖಾಲಿ. ಈಗ ಇಂಗಾಲವನ್ನು ನೋಡಿ. ಅದರ ಸುತ್ತ ಇರುವುದು ಆರೇ ಕಾಳು. ಅದಕ್ಕೂ ಎಂಟು ಬೇಕು. ಹೊಸ ಕಾಳು ತರುವಂತಿಲ್ಲ. ಆದುದರಿಂದ ಒಂದು ಆಮ್ಲಜನಕವು ತನ್ನ ಬಳಿಯಿರುವ ಒಂದು ಜೋಡಿಯನ್ನು ನಡುವಿಗೆ ಸರಿಸಿ ಇಂಗಾಲದೊಡನೆ ಹಂಚಿಕೊಳ್ಳಬೇಕು. ಅಲ್ಲಿ ದ್ವಿಬಂಧ ಉಂಟಾಯಿತು.

ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಯಾವ ಆಮ್ಲಜನಕ ಕೊಡಬೇಕು? ಎಡದ್ದೇ, ಬಲದ್ದೇ, ಮೇಲಿನದ್ದೇ? ಮೂರೂ ಸಮಾನ, ಇಂಥದ್ದೇ ಕೊಡಬೇಕೆನ್ನಲು ಕಾರಣವಿಲ್ಲ. ಮೇಲಿನದು ಕೊಟ್ಟರೆ ಒಂದು ಚಿತ್ರ, ಎಡದ್ದು ಕೊಟ್ಟರೆ ಇನ್ನೊಂದು, ಬಲದ್ದು ಕೊಟ್ಟರೆ ಮತ್ತೊಂದು. ಪುಸ್ತಕದ ಮೂರು ಚಿತ್ರಗಳು ಬಂದದ್ದು ಹೀಗೆ. ಅವುಗಳಲ್ಲಿ ಪರಮಾಣುಗಳು ಇದ್ದಲ್ಲಿಯೇ ಇವೆ. ಸರಿದದ್ದು ಕಾಳು ಮಾತ್ರ. ಪರಮಾಣುವನ್ನೇ ಎತ್ತಿ ಬೇರೆ ಕಡೆ ಇಟ್ಟರೆ ಅದು ಅನುರಣನದ ಚಿತ್ರವಲ್ಲ, ಬೇರೆಯೇ ಒಂದು ಪದಾರ್ಥ.

ಯಾವ ಪರಮಾಣುವಿನ ಪಾಲಿಗೆ ಎಷ್ಟು ಆವೇಶ ಬಂತೆಂದು ನೋಡಲು ಇನ್ನೊಂದು ಲೆಕ್ಕವಿದೆ. ಬಂಧಕ್ಕೆ ಸೇರದೆ ಪರಮಾಣುವಿನ ಬಳಿಯೇ ಇರುವ ಕಾಳುಗಳೆಲ್ಲ ಅದರವು. ಬಂಧದ ಕಾಳುಗಳಲ್ಲಿ ಅರ್ಧ ಅದರದ್ದು. ಅದು ಮೊದಲು ತಂದ ಕಾಳಿನಿಂದ ಈ ಮೊತ್ತವನ್ನು ಕಳೆಯಿರಿ. ಏಕಬಂಧದ ಆಮ್ಲಜನಕಕ್ಕೆ ಆರರ ಜೊತೆ ಒಂದು, ಅಂದರೆ ಏಳು, ತಂದದ್ದು ಆರು, ಆದುದರಿಂದ ಋಣ ಒಂದು. ದ್ವಿಬಂಧದ್ದಕ್ಕೆ ನಾಲ್ಕು ಮತ್ತು ಎರಡು ಸೇರಿ ಆರು, ಶೂನ್ಯ. ಇಂಗಾಲಕ್ಕೆ ನಾಲ್ಕು, ಅದೂ ಶೂನ್ಯ. ಒಟ್ಟು ಋಣ ಎರಡು. ಲೆಕ್ಕ ತಾಳೆಯಾಯಿತು. ಇದಕ್ಕೆ ಔಪಚಾರಿಕ ಆವೇಶ ಎನ್ನುತ್ತಾರೆ.

ಅಳತೆ ಹೇಳುವುದೇ ಬೇರೆ

ಈ ಚಿತ್ರಗಳಲ್ಲಿ ಯಾವುದಾದರೂ ಒಂದು ನಿಜವಾಗಿದ್ದರೆ ಅಯಾನಿನ ಮೂರು ತೋಳುಗಳು ಸಮನಾಗಿರಬಾರದು. ದ್ವಿಬಂಧವು ಏಕಬಂಧಕ್ಕಿಂತ ಗಿಡ್ಡ. ಒಂದು ಮಿಲಿಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಪಾಲಿಗೆ ಪಿಕೋಮೀಟರ್ ಎಂದು ಹೆಸರು. ಆ ಅಳತೆಯಲ್ಲಿ ಇಂಗಾಲ ಮತ್ತು ಆಮ್ಲಜನಕದ ನಡುವಿನ ಏಕಬಂಧ ಸುಮಾರು 143, ದ್ವಿಬಂಧ ಸುಮಾರು 122. ಹಾಗಾದರೆ ಕಾರ್ಬೊನೇಟಿನಲ್ಲಿ ಎರಡು ಉದ್ದ ತೋಳು, ಒಂದು ಗಿಡ್ಡ ತೋಳು ಇರಬೇಕಿತ್ತು.

ಅಳೆದು ನೋಡಿದಾಗ ಕಂಡದ್ದು ಹಾಗಲ್ಲ. ಮೂರೂ ಸುಮಾರು 128. ನಡುವಿನ ಕೋನಗಳೂ ಮೂರೂ 120 ಡಿಗ್ರಿ. ಸ್ವಾರಸ್ಯವೆಂದರೆ ಕಾರ್ಬೊನೇಟಿನ ಮೂರು ತೋಳುಗಳೂ ಸಮ ಎಂಬುದು, ಇಲೆಕ್ಟ್ರಾನ್ ಜೋಡಿಗಳ ಚಿತ್ರ ಬರೆಯುವ ಪದ್ಧತಿ ಬರುವುದಕ್ಕಿಂತಲೂ ಮೊದಲೇ ಗೊತ್ತಾಗಿತ್ತು. ಇಂಗ್ಲೆಂಡಿನಲ್ಲಿ ಲಾರೆನ್ಸ್ ಬ್ರಾಗ್ 1914ರಲ್ಲಿ ಕ್ಯಾಲ್ಸೈಟ್ ಹರಳಿನ ಮೂಲಕ ಎಕ್ಸ್ ಕಿರಣ ಹಾಯಿಸಿ ಅದರ ರಚನೆಯನ್ನು ಬಿಡಿಸಿದ್ದರು. ಕ್ಯಾಲ್ಸೈಟ್ ಎಂದರೆ ಹರಳಾದ ಕ್ಯಾಲ್ಸಿಯಂ ಕಾರ್ಬೊನೇಟೇ. ಆಗ ಅವರಿಗೆ 24 ವಯಸ್ಸು. ಮರುವರ್ಷವೇ ತಂದೆಯೊಡನೆ ನೊಬೆಲ್ ಪಾರಿತೋಷಕ ಹಂಚಿಕೊಂಡರು. ಅಮೆರಿಕದ ಗಿಲ್ಬರ್ಟ್ ಲೂಯಿಸ್ ಒಂದು ಬಂಧವೆಂದರೆ ಇಬ್ಬರಿಗೂ ಸೇರಿದ ಒಂದು ಇಲೆಕ್ಟ್ರಾನ್ ಜೋಡಿ ಎಂದು ಪ್ರಕಟಿಸಿದ್ದು 1916ರಲ್ಲಿ. ನಾವು ಈಗ ಕಾಳು ಇಟ್ಟು ಮಾಡಿದ ಲೆಕ್ಕಕ್ಕೆ ಮೂಲ ಅದೇ.

ಲೂಯಿಸರ ಪದ್ಧತಿ ಬಹಳ ಉಪಯುಕ್ತ. ಆದರೆ ಅದರಲ್ಲಿ ಒಂದು ಗೆರೆ ಎಳೆಯಬಹುದು, ಎರಡು ಎಳೆಯಬಹುದು, ಮೂರು ಎಳೆಯಬಹುದು. ಒಂದೂ ಮೂರನೇ ಒಂದು ಗೆರೆ ಎಳೆಯಲು ಬರುವುದಿಲ್ಲ. ಕಾರ್ಬೊನೇಟಿನ ಪ್ರತಿಯೊಂದು ತೋಳೂ ಇರುವುದು ಹಾಗೆ. ಮೂರು ತೋಳುಗಳಿಗೆ ನಾಲ್ಕು ಜೋಡಿ; ತಲೆಗೆ ಒಂದೂ ಮೂರನೇ ಒಂದು. ಋಣ ಆವೇಶವೂ ಹಾಗೆಯೇ: ಎರಡನ್ನು ಮೂವರಿಗೆ ಹಂಚಿದರೆ ತಲಾ ಮೂರನೇ ಎರಡು.

ಅನ್ನದ ಋಣ

ಇದನ್ನು ತಿಳಿಯಲು ನಮಗೆ, ದಿನಕ್ಕೆ ಎರಡು ಮೂರು ಭಾಷೆಗಳನ್ನು ಆಡುವ ಗಡಿನಾಡಿನವರಿಗೆ, ಒಂದು ಅನುಕೂಲವಿದೆ. ಒಂದು ಭಾಷೆಯ ಮಾತಿಗೆ ಇನ್ನೊಂದರಲ್ಲಿ ಸರಿಸಾಟಿ ಇಲ್ಲದಿರುವುದು ನಮಗೆ ನಿತ್ಯದ ಅನುಭವ.

'ಅನ್ನದ ಋಣ' ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹೇಳಿರೆಂದು ಮಕ್ಕಳಿಗೆ ಕೇಳಿ ನೋಡಿ. ಒಬ್ಬ ಸಾಲ ಎಂಬರ್ಥದ ಶಬ್ದ ಕೊಡುತ್ತಾನೆ. ಆದರೆ ಇದು ಬಡ್ಡಿ ಕಟ್ಟಿ ಚುಕ್ತಾ ಮಾಡುವ ಸಾಲವಲ್ಲ. ಇನ್ನೊಬ್ಬಳು ಕೃತಜ್ಞತೆ ಎಂಬರ್ಥದ ಶಬ್ದ ಹೇಳುತ್ತಾಳೆ. ಅದು ತೀರಾ ಹಗುರವಾಯಿತು. ಮೂರನೆಯವನು ನಂಟು ಎನ್ನುತ್ತಾನೆ. ಅದರಲ್ಲಿ ತೀರಿಸಬೇಕೆಂಬ ಭಾರವಿಲ್ಲ. ಮೂರನ್ನೂ ಕೇಳಿದ ಇಂಗ್ಲಿಷಿನವನಿಗೆ ಅರ್ಥದ ಹತ್ತಿರ ಬಂದಂತಾಗುತ್ತದೆ.

ಈಗ ಗಮನಿಸಿ. ಅನ್ನದ ಋಣವೆಂಬುದು ಸೋಮವಾರ ಸಾಲ, ಮಂಗಳವಾರ ಕೃತಜ್ಞತೆ, ಬುಧವಾರ ನಂಟು ಎಂದು ವೇಷ ಬದಲಿಸುತ್ತಿಲ್ಲ. ಕೆಲವರ ಮನೆಯಲ್ಲಿ ಸಾಲ, ಕೆಲವರ ಮನೆಯಲ್ಲಿ ನಂಟು ಎಂದೂ ಇಲ್ಲ. ಅದು ಯಾವಾಗಲೂ ಒಂದೇ, ಎಲ್ಲರಿಗೂ ಒಂದೇ. ಕೊರತೆ ಇರುವುದು ಭಾಷಾಂತರದಲ್ಲಿ. ಕಾರ್ಬೊನೇಟಿನ ಮೂರು ಚಿತ್ರಗಳೂ ಇಂಥ ಮೂರು ಭಾಷಾಂತರಗಳು. ಅಯಾನು ಒಂದೇ, ನಮ್ಮ ಗೆರೆಗಳ ಭಾಷೆಗೆ ಅದನ್ನು ಒಂದೇ ಸಲಕ್ಕೆ ಹೇಳಲು ಬರುವುದಿಲ್ಲ, ಅಷ್ಟೆ. ಆ ಒಂದೇ ನಿಜರೂಪಕ್ಕೆ ಅನುರಣನ ಸಂಕರ ಎಂದು ಹೆಸರು.

ಆದುದರಿಂದ ಎರಡು ತಪ್ಪು ತಿಳಿವಳಿಕೆಗಳನ್ನು ಮಕ್ಕಳ ಮನಸ್ಸಿನಿಂದ ತೆಗೆಯಬೇಕು. ಒಂದು, ದ್ವಿಬಂಧವು ಒಂದು ತೋಳಿನಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ ಎಂಬುದು. ಎರಡು, ಮೂರು ಬಗೆಯ ಅಕ್ಕಿ ಬೆರೆಸಿದಂತೆ ಮೂರು ಬಗೆಯ ಅಯಾನುಗಳು ಬೆರೆತಿವೆ ಎಂಬುದು. ಎರಡೂ ಸರಿಯಲ್ಲ.

'ಬಹಳ ಬೇಗ ಹಾರುತ್ತಿದ್ದರೆ ಅಳತೆಯಲ್ಲಿ ಸರಾಸರಿ ಮಾತ್ರ ಕಾಣಬಹುದಲ್ಲ?' ಎಂದು ಚುರುಕಿನ ಮಗು ಕೇಳೀತು. ಅದಕ್ಕೂ ಉತ್ತರವಿದೆ. ಅವಕೆಂಪು ಕಿರಣಗಳಿಂದ ಬಂಧಗಳ ಕಂಪನವನ್ನು ಪರೀಕ್ಷಿಸಬಹುದು. ಅದು ಅತ್ಯಂತ ಕ್ಷಿಪ್ರವಾದ ಚಲನೆ. ಅಲ್ಲಿಯೂ ಕಾಣುವುದು ಮೂರೂ ಬದಿ ಸಮನಾದ ತ್ರಿಕೋನದ ಕಂಪನಗಳೇ ಹೊರತು ಒಂದು ಗಿಡ್ಡ, ಎರಡು ಉದ್ದ ತೋಳಿನವಲ್ಲ. ಕ್ವಾಂಟಂ ಸಿದ್ಧಾಂತದ ಲೆಕ್ಕವೂ ಅದನ್ನೇ ಹೇಳುತ್ತದೆ: ಅಯಾನು ನೆಲೆನಿಲ್ಲುವ ಅತಿ ಕಡಿಮೆ ಶಕ್ತಿಯ ರೂಪ ಒಂದೇ, ಅದು ಮೂರೂ ತೋಳು ಸಮನಾದದ್ದು. ಆ ಶಕ್ತಿ ಮೂರು ಚಿತ್ರಗಳಲ್ಲಿ ಯಾವುದಕ್ಕೆ ಲೆಕ್ಕ ಹಾಕಿದರೂ ಬರುವುದಕ್ಕಿಂತ ಕಡಿಮೆ. ಹಂಚಿಕೊಂಡರೆ ಭಾರ ಹಗುರ ಎಂಬುದು ಇಲ್ಲಿಯೂ ಸತ್ಯ.

ದಾರಿ ತಪ್ಪಿಸುವ ಹೆಸರು

ಮಕ್ಕಳು ತಪ್ಪು ತಿಳಿಯುವುದಕ್ಕೆ ಅರ್ಧ ಕಾರಣ ಹೆಸರೇ. ಅನುರಣನವೆಂದರೆ ಗಂಟೆಯ ನಾದ, ಕಂಪನ, ಅತ್ತಿಂದಿತ್ತ ತೂಗಾಟ ನೆನಪಾಗುತ್ತದೆ. ಇಂಗ್ಲಿಷ್ ಶಬ್ದದಲ್ಲಿಯೂ ಅದೇ ದೋಷ. ಈ ಹೆಸರು ಬಂದದ್ದು ಭೌತಶಾಸ್ತ್ರದಿಂದ. ಒಂದಕ್ಕೊಂದು ತಗಲಿಸಿದ ಎರಡು ಲೋಲಕಗಳ ಗಣಿತಕ್ಕೂ ಪರಮಾಣುವಿನ ಗಣಿತಕ್ಕೂ ಹೋಲಿಕೆ ಕಂಡು ಜರ್ಮನಿಯ ಹೈಸೆನ್‌ಬರ್ಗ್ 1926ರಲ್ಲಿ ಈ ಶಬ್ದ ಬಳಸಿದರು. ಹೋಲಿಕೆ ಗಣಿತದಲ್ಲಿ, ತೂಗಾಟದಲ್ಲಿ ಅಲ್ಲ. ಅಮೆರಿಕದ ಲೈನಸ್ ಪಾಲಿಂಗ್ ಅದನ್ನು ರಸಾಯನಶಾಸ್ತ್ರಕ್ಕೆ ತಂದು 1930ರ ದಶಕದಲ್ಲಿ ಬೆಳೆಸಿದರು. ರಾಸಾಯನಿಕ ಬಂಧದ ಸ್ವರೂಪದ ಬಗ್ಗೆ ಅವರು 1939ರಲ್ಲಿ ಪ್ರಕಟಿಸಿದ ಗ್ರಂಥ ಪ್ರಸಿದ್ಧ. 1954ರಲ್ಲಿ ನೊಬೆಲ್ ಪಾರಿತೋಷಕವೂ ಬಂತು.

ತಪ್ಪು ತಿಳಿದವರು ಮಕ್ಕಳು ಮಾತ್ರವಲ್ಲ. ಇಲ್ಲದ ರೂಪಗಳ ಮೇಲೆ ಕಟ್ಟಿದ ಸಿದ್ಧಾಂತ ವಾಸ್ತವಕ್ಕೆ ವಿರುದ್ಧ ಎಂದು 1951ರಲ್ಲಿ ಮಾಸ್ಕೋದಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಅನುರಣನವನ್ನು ಖಂಡಿಸಲಾಗಿತ್ತು. ಇತ್ತ ಅಮೆರಿಕದ ವೀಲೆಂಡ್ ಹೇಸರಗತ್ತೆಯ ದೃಷ್ಟಾಂತ ಕೊಟ್ಟರು: ಕುದುರೆ ಮತ್ತು ಕತ್ತೆಯ ಸಂಕರವಾದ ಹೇಸರಗತ್ತೆ ಒಮ್ಮೆ ಕುದುರೆ, ಒಮ್ಮೆ ಕತ್ತೆ ಆಗುವುದಿಲ್ಲ. ಒಳ್ಳೆಯ ದೃಷ್ಟಾಂತವೇ, ಆದರೆ ಕುದುರೆಯೂ ಕತ್ತೆಯೂ ಲೋಕದಲ್ಲಿ ನಿಜವಾಗಿ ಇವೆ, ಕಾರ್ಬೊನೇಟಿನ ಮೂರು ಚಿತ್ರಗಳಂಥ ಅಯಾನುಗಳು ಎಲ್ಲಿಯೂ ಇಲ್ಲ. ಜಾನ್ ರಾಬರ್ಟ್ಸ್ ಎಂಬ ರಸಾಯನವಿಜ್ಞಾನಿಯ ಹೆಸರಿನಲ್ಲಿ ಪ್ರಚಾರದಲ್ಲಿರುವ ದೃಷ್ಟಾಂತ ಇನ್ನೂ ಸಮರ್ಪಕ. ಮೊದಲ ಬಾರಿ ಘೇಂಡಾಮೃಗ ಕಂಡ ಪ್ರಯಾಣಿಕನೊಬ್ಬ ಊರಿಗೆ ಮರಳಿ, ಅದು ಬೆಂಕಿಯುಗುಳುವ ಕಥೆಯ ಸರ್ಪಕ್ಕೂ ಒಂಟಿಕೊಂಬಿನ ಕುದುರೆಗೂ ನಡುವಿನ ಪ್ರಾಣಿ ಎನ್ನುತ್ತಾನೆ. ಹೋಲಿಕೆಯ ಎರಡೂ ಪ್ರಾಣಿಗಳು ಕಲ್ಪನೆ, ಘೇಂಡಾಮೃಗ ನಿಜ.

ತೋಟದಲ್ಲಿ, ರಬ್ಬರಿನಲ್ಲಿ

ಕಾರ್ಬೊನೇಟ್ ತಿಳಿದರೆ ನೈಟ್ರೇಟ್ ಸುಲಭ. ಪೆಟ್ಲುಪ್ಪಿನಲ್ಲಿಯೂ ಕೆಲವು ರಸಗೊಬ್ಬರಗಳಲ್ಲಿಯೂ ಇರುವುದು ಈ ಅಯಾನು. ಸಾರಜನಕಕ್ಕೆ 5, ಮೂರು ಆಮ್ಲಜನಕಕ್ಕೆ 18, ಋಣಕ್ಕೆ 1. ಇಲ್ಲಿಯೂ 24 ಕಾಳು, ಇಲ್ಲಿಯೂ ಮೂರು ಚಿತ್ರ. ಆದರೆ ಸಾರಜನಕದ ಮೇಲೆ ಧನ ಒಂದು ಬರುತ್ತದೆ. ಅದನ್ನು ಬರೆಯಲು ಮರೆಯಬಾರದು. ಎರಡೇ ಆಮ್ಲಜನಕವಿರುವ ನೈಟ್ರೈಟಿಗೆ 18 ಕಾಳು, ಎರಡು ಚಿತ್ರ.

ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಮ್ಲ ನಮ್ಮವರಿಗೆ ಪರಿಚಿತ. ಮಾವಿನ ಮರದ ಕೆಂಪಿರುವೆಯ ಉರಿಯೂ ಅದೇ. ಈ ಆಮ್ಲದಲ್ಲಿ ಇಂಗಾಲದಿಂದ ಎರಡು ಆಮ್ಲಜನಕಗಳಿಗೆ ಇರುವ ದೂರ ಬೇರೆ ಬೇರೆ: ಒಂದು ಸುಮಾರು 120, ಇನ್ನೊಂದು ಸುಮಾರು 134 ಪಿಕೋಮೀಟರ್. ಆಮ್ಲವು ತನ್ನ ಹೈಡ್ರೋಜನನ್ನು ಬಿಟ್ಟುಕೊಟ್ಟು ಫಾರ್ಮೇಟ್ ಅಯಾನಾದ ಕೂಡಲೇ ಎರಡೂ ಸುಮಾರು 127 ಆಗಿ ಸಮನಾಗುತ್ತವೆ. ಋಣದ ಭಾರ ಒಂದೇ ಆಮ್ಲಜನಕದ ತಲೆಯ ಮೇಲೆ ಬೀಳದೆ ಎರಡಕ್ಕೂ ಹಂಚಿಹೋಗುತ್ತದೆ. ಮದ್ಯಸಾರಕ್ಕಿಂತ ಈ ಆಮ್ಲ ಹೈಡ್ರೋಜನನ್ನು ಸುಲಭವಾಗಿ ಬಿಟ್ಟುಕೊಡುವುದಕ್ಕೆ ಇದೂ ಒಂದು ಕಾರಣ.

ಎಲ್ಲ ಅಯಾನುಗಳಿಗೂ ಅನುರಣನ ಬರೆಯಬೇಕೆಂದಿಲ್ಲ. ಅಮೋನಿಯಂ ಅಯಾನಿಗೆ 8 ಕಾಳು, ನಾಲ್ಕು ಬಂಧ. ಸರಿಸಲು ಒಂದು ಜೋಡಿಯೂ ಉಳಿದಿಲ್ಲ, ಒಂದೇ ಚಿತ್ರ ಸಾಕು. ಚಿತ್ರಗಳಿಗೆಲ್ಲ ಸಮಾನ ತೂಕವೂ ಇರಬೇಕಾಗಿಲ್ಲ. ಆಮ್ಲಜನಕ, ಇಂಗಾಲ, ಸಾರಜನಕ ಸಾಲಾಗಿರುವ ಸಯನೇಟ್ ಅಯಾನಿನಲ್ಲಿ ಋಣವನ್ನು ಆಮ್ಲಜನಕದ ಮೇಲೆ ಇಡುವ ಚಿತ್ರಕ್ಕೆ ತೂಕ ಹೆಚ್ಚು. ಇಲೆಕ್ಟ್ರಾನನ್ನು ಸೆಳೆಯುವ ಬಲ ಸಾರಜನಕಕ್ಕಿಂತ ಅದಕ್ಕೆ ಜಾಸ್ತಿ. ಔಪಚಾರಿಕ ಆವೇಶಗಳು ಕಡಿಮೆಯಿರುವ ಚಿತ್ರ ಮೇಲು ಎಂಬುದು ಇನ್ನೊಂದು ನಿಯಮ.

ಕೊಳೆರೋಗಕ್ಕೆ ಅಡಿಕೆ ಗೊನೆಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿ ಸಲ್ಫೇಟ್ ಅಯಾನಿದೆ. ಅದರ ಲೆಕ್ಕ 32 ಕಾಳು. ಗಂಧಕಕ್ಕೆ ಎರಡು ದ್ವಿಬಂಧ, ಎರಡು ಏಕಬಂಧ ಬರೆದು, ಹೀಗೆ ಆರು ಚಿತ್ರಗಳು ಸಾಧ್ಯ ಎಂದು ಅನೇಕ ಪುಸ್ತಕಗಳು ಹೇಳುತ್ತವೆ. ನಾಲ್ಕೂ ತೋಳು ಸಮನಾಗಿ ಸುಮಾರು 149 ಪಿಕೋಮೀಟರ್ ಇವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಗಂಧಕ ನಿಜವಾಗಿ ದ್ವಿಬಂಧ ಮಾಡುತ್ತದೆಯೇ ಎಂಬ ಬಗ್ಗೆ ಈಚಿನ ಲೆಕ್ಕಾಚಾರಗಳು ಬೇರೆ ಹೇಳುತ್ತವೆ. ನಾಲ್ಕೂ ಏಕಬಂಧವಾಗಿ, ಗಂಧಕದ ಮೇಲೆ ಧನ ಆವೇಶವಿರುವ ಚಿತ್ರವೇ ನಿಜಕ್ಕೆ ಹತ್ತಿರ ಎನ್ನುತ್ತವೆ. ಪರೀಕ್ಷೆಯಲ್ಲಿ ತಮ್ಮ ಪುಸ್ತಕದಲ್ಲಿರುವಂತೆ ಬರೆಯಲಿ. ಚಿತ್ರ ಬೇರೆ, ಪದಾರ್ಥ ಬೇರೆ ಎಂಬ ಎಚ್ಚರ ಮಾತ್ರ ಇರಲಿ.

ಹೆತ್ತವರಿಗೆ ಒಂದು ಮಾತು

ಉತ್ತರಪತ್ರಿಕೆಯಲ್ಲಿ ನೋಡಿಕೊಳ್ಳಬೇಕಾದದ್ದು ಇಷ್ಟು. ಪ್ರತಿಯೊಂದು ಚಿತ್ರದಲ್ಲಿಯೂ ಕಾಳುಗಳ ಮೊತ್ತ ಒಂದೇ ಇರಬೇಕು. ಇಂಗಾಲ, ಸಾರಜನಕ, ಆಮ್ಲಜನಕಗಳ ಸುತ್ತ ಎಂಟಕ್ಕಿಂತ ಹೆಚ್ಚು ಬರಬಾರದು. ಪ್ರತಿ ಚಿತ್ರವನ್ನೂ ಚೌಕ ಆವರಣದೊಳಗಿಟ್ಟು ಹೊರಗೆ ಮೇಲ್ಗಡೆ ಆವೇಶ ಬರೆಯಬೇಕು. ಚಿತ್ರಗಳ ನಡುವೆ ಎರಡು ತಲೆಯ ಒಂದೇ ಬಾಣ ಹಾಕಬೇಕು. ಎದುರುಬದುರಾದ ಎರಡು ಬಾಣಗಳನ್ನು ಹಾಕಿದರೆ ಅದು ಸಮತೋಲನದ ಚಿಹ್ನೆ, ಒಂದು ಇನ್ನೊಂದಾಗಿ ಬದಲಾಗುತ್ತಿದೆ ಎಂದು ಅರ್ಥ. ಎರಡು ಬಾಣಗಳಲ್ಲಿ ಇರುವುದು ಗೆರೆಯ ವ್ಯತ್ಯಾಸವಲ್ಲ, ಅರ್ಥದ ವ್ಯತ್ಯಾಸ.

ಮೇಲೆ ಬರೆದದ್ದರಲ್ಲಿ ಕನ್ನಡದಲ್ಲಿ ಹೇಳಲಾಗದ್ದು ಏನೂ ಇರಲಿಲ್ಲ. ಮೂರು ಚಿತ್ರಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಮಗು ನಾಲ್ಕನೆಯ ಅಯಾನು ಬಂದಾಗ ನಿಲ್ಲುತ್ತದೆ. ಕಾಳು ಎಣಿಸಿ, 'ಯಾವ ಆಮ್ಲಜನಕ ಕೊಡಬೇಕು?' ಎಂದು ತಾನೇ ಕೇಳಿಕೊಂಡ ಮಗು ಯಾವ ಅಯಾನು ಬಂದರೂ ಬರೆಯುತ್ತದೆ. ಆ ಪ್ರಶ್ನೆಯನ್ನು ಅದು ಕೇಳಿಕೊಳ್ಳುವುದು ಮನೆಮಾತಿನಲ್ಲಿಯೇ. ಮತ್ತೆ ಬೇಕಾಗುವುದು ಹತ್ತು ಹದಿನೈದು ಇಂಗ್ಲಿಷ್ ಶಬ್ದಗಳು ಮಾತ್ರ. ನೋಟುಪುಸ್ತಕದ ಒಂದು ಪುಟವನ್ನು ಎರಡು ಪಾಲು ಮಾಡಿ ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್ ಬರೆದುಕೊಂಡರೆ ಒಂದು ವಾರದಲ್ಲಿ ಬಂದುಬಿಡುತ್ತವೆ.

ಆದುದರಿಂದ ಪ್ಲಸ್ ವನ್ ಪುಸ್ತಕ ಹಿಡಿದು ಮಗು ಅಳುಮೋರೆ ಹಾಕಿದರೆ, ಕನ್ನಡ ಶಾಲೆಯನ್ನು ಹಳಿಯುವ ಮೊದಲು ಒಂದು ಹಿಡಿ ಹುಣಸೆಬೀಜ ಕೊಟ್ಟು ನೋಡಿ. ನಿಮಗೆ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಇಪ್ಪತ್ತನಾಲ್ಕು ಏಕೆ, ಮೂರೇ ಚಿತ್ರ ಏಕೆ, ನಿಜವಾದದ್ದು ಯಾವುದು ಎಂದು ನೀವು ಕೇಳಿ. ಮಗು ನಿಮಗೆ ಕನ್ನಡದಲ್ಲಿ ಹೇಳಲಿ. ಹೇಳಲು ಬಂದರೆ ಪಾಠ ತಿಳಿಯಿತೆಂದೇ ಅರ್ಥ. ಇಂಗ್ಲಿಷಿನಲ್ಲಿ ಬರೆಯುವುದು ಅದರ ಮುಂದಿನ ಕೆಲಸ.